ಕಡತ ಯಾರ ಮೇಜಿನ ಮೇಲೆ ಹಾದುಹೋಗಬೇಕು? ಕೊರಿಯಾದ ಪ್ರಧಾನಿ ಗೊಂದಲದ ಹಿಂದಿರುವ ಜೊಸನ್ ಕಾಲದ ಜಗಳ

2025ರ ಏಪ್ರಿಲ್ 4ರಂದು ದಕ್ಷಿಣ ಕೊರಿಯಾದ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷ ಯೂನ್ ಸುಕ್ ಯೋಲ್ ಅವರನ್ನು ಹುದ್ದೆಯಿಂದ ಕೆಳಗಿಳಿಸಿತು. ಎಂಟೂ ನ್ಯಾಯಮೂರ್ತಿಗಳದ್ದು ಒಂದೇ ಅಭಿಪ್ರಾಯವಾಗಿತ್ತು. ಸಂಸತ್ತಿಗೆ ಸೈನಿಕರನ್ನು ಕಳಿಸಿದ್ದು ದೊಡ್ಡ ಕಾರಣ. ಅದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ತೀರ್ಪಿನಲ್ಲಿ ಇನ್ನೊಂದು ಕಾರಣವೂ ಇತ್ತು. ಸೇನಾಡಳಿತ ಘೋಷಿಸುವ ಮುಂಚೆ ಸಂಪುಟ ಸಭೆಯಲ್ಲಿ ಚರ್ಚೆ ನಡೆದಿಲ್ಲ, ಪ್ರಧಾನಿಯ ಮತ್ತು ಸಂಬಂಧಪಟ್ಟ ಸಚಿವರ ಸಹಿ ಬಿದ್ದಿಲ್ಲ ಎಂದು ನ್ಯಾಯಾಲಯ ಹೇಳಿತು.

ಹೊರಗಿನಿಂದ ಓದುವವರಿಗೆ ಗೊಂದಲ ಆಗುವುದು ಇಲ್ಲೇ. ಜನರೇ ನೇರವಾಗಿ ಆರಿಸಿದ ಅಧ್ಯಕ್ಷ ಇರುವಾಗ ಪ್ರಧಾನಿ ಯಾಕೆ ಬೇಕು? ಸಂಪುಟ ಬೇಡ ಅಂದರೂ ಅಧ್ಯಕ್ಷರು ಮುಂದುವರಿಯಬಹುದು ಎಂದಾದರೆ ಆ ಸಭೆಗೆ ಇಷ್ಟು ಮಹತ್ವ ಯಾಕೆ? ಇದರ ಜೊತೆಗೆ, ಸಂಸತ್ತು ಸೂಚಿಸಿದವರನ್ನೇ ಪ್ರಧಾನಿ ಮಾಡುವ ಹಾಗೆ ಸಂವಿಧಾನ ತಿದ್ದಬೇಕು ಎಂಬ ಮಾತೂ ಎದ್ದಿದೆ. ಪ್ರಧಾನಿ ಹುದ್ದೆಯ ಬಗ್ಗೆ ಬರೆಯುವಾಗ ಕೊರಿಯಾದ ಪತ್ರಿಕೆಗಳು ಇಂದಿಗೂ ಒಂದು ಹಳೆಯ ಮಾತನ್ನು ಬಳಸುತ್ತವೆ: ಒಬ್ಬನ ಕೆಳಗೆ, ಹತ್ತು ಸಾವಿರ ಮಂದಿಯ ಮೇಲೆ. ಅದು ಹಿಂದೆ ಕೊರಿಯಾವನ್ನು ಆಳಿದ ಜೊಸನ್ ರಾಜವಂಶದ ಅತ್ಯುನ್ನತ ಆಡಳಿತ ಮಂಡಳಿ ಉಯಿಜೊಂಗ್‌ಬುವಿನ ಮುಖ್ಯಸ್ಥನಿಗೆ ಹೇಳುತ್ತಿದ್ದ ಮಾತು.

ಇಂದಿನ ಸಂಪುಟ ಆ ಮಂಡಳಿಯ ನೇರ ವಾರಸುದಾರ ಅಲ್ಲ. ನಡುವೆ ಒಂದು ವಸಾಹತು ಆಳ್ವಿಕೆ, ಒಂದು ಯುದ್ಧ, ಹಲವು ಸಂವಿಧಾನಗಳು ಬಂದು ಹೋಗಿವೆ. ಆದರೆ ಇಂದು ಕೇಳುತ್ತಿರುವ ಪ್ರಶ್ನೆಯನ್ನು ಜೊಸನ್ ಆಸ್ಥಾನ ಐನೂರು ವರ್ಷ ಕೇಳುತ್ತಲೇ ಇತ್ತು. ಅದಕ್ಕೆ ಸಿಕ್ಕ ಉತ್ತರಗಳನ್ನು ನೋಡಿದರೆ ಇಂದಿನ ವಾದಗಳು ಎಲ್ಲಿ ಗಟ್ಟಿ, ಎಲ್ಲಿ ಜಾಳು ಎಂಬುದು ಸಾಕಷ್ಟು ತಿಳಿಯುತ್ತದೆ.

ಐದು ನಿಮಿಷದ ಸಭೆ

2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆ ಹೊತ್ತಿಗೆ ಯೂನ್ ಟಿವಿಯಲ್ಲಿ ಬಂದು ಸೇನಾಡಳಿತ ಘೋಷಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಕೆಲವು ಸಚಿವರನ್ನು ಅವಸರದಲ್ಲಿ ಕರೆಸಿದ್ದರು. ಕೋರಂಗೆ ಬೇಕಾದ ಹನ್ನೊಂದು ಮಂದಿ ಸೇರಿದ ಮೇಲೆ ಸಭೆ ನಡೆದದ್ದು ಸುಮಾರು ಐದು ನಿಮಿಷ. ಅಧ್ಯಕ್ಷರು ಉದ್ದೇಶವನ್ನು ಚುಟುಕಾಗಿ ಹೇಳಿದರು, ವಿವರ ಕೊಡಲಿಲ್ಲ, ಉಳಿದವರಿಗೆ ಅಭಿಪ್ರಾಯ ಹೇಳಲು ಅವಕಾಶವನ್ನೂ ಕೊಡಲಿಲ್ಲ. ಹಾಗಾಗಿ ಅದನ್ನು ಚರ್ಚೆ ಎಂದು ಕರೆಯಲಾಗದು ಎಂಬುದು ನ್ಯಾಯಾಲಯದ ತೀರ್ಮಾನ. ಅದೇ ರಾತ್ರಿ ಒಂದು ಗಂಟೆ ಹೊತ್ತಿಗೆ ಸಂಸತ್ತಿನಲ್ಲಿ ಹಾಜರಿದ್ದ 190 ಸದಸ್ಯರೂ ಸೇನಾಡಳಿತ ತೆಗೆಯಬೇಕೆಂದು ಮತ ಹಾಕಿದರು. ಬೆಳಗಿನ ಜಾವ ಅದನ್ನು ಹಿಂತೆಗೆದುಕೊಳ್ಳಲೂ ಸಂಪುಟ ಸಭೆಯೇ ಸೇರಬೇಕಾಯಿತು.

ಈಗಿನ ಸಂವಿಧಾನ 1987ರದ್ದು. ಅದರ 88ನೇ ವಿಧಿ ಪ್ರಕಾರ ಮುಖ್ಯ ನೀತಿಗಳನ್ನು ಸಂಪುಟ ‘ಚರ್ಚಿಸುತ್ತದೆ’. ಯಾವ ವಿಷಯಗಳು ಸಂಪುಟದ ಮುಂದೆ ಬರಲೇಬೇಕು ಎಂಬ ಪಟ್ಟಿ 89ನೇ ವಿಧಿಯಲ್ಲಿದೆ, ಸೇನಾಡಳಿತ ಆ ಪಟ್ಟಿಯಲ್ಲಿದೆ. ಅಧ್ಯಕ್ಷರ ಆದೇಶ ಬರಹದಲ್ಲಿರಬೇಕು, ಅದಕ್ಕೆ ಪ್ರಧಾನಿಯೂ ಸಂಬಂಧಪಟ್ಟ ಸಚಿವರೂ ಸಹಿ ಹಾಕಬೇಕು ಎನ್ನುತ್ತದೆ 82ನೇ ವಿಧಿ.

ಚರ್ಚಿಸುತ್ತದೆ ಎಂದಷ್ಟೇ ಇದೆ, ತೀರ್ಮಾನಿಸುತ್ತದೆ ಎಂದಿಲ್ಲ. ಇದು ಮೊದಲಿನಿಂದ ಹೀಗಿರಲಿಲ್ಲ. 1948ರ ಮೊದಲ ಸಂವಿಧಾನದಲ್ಲಿ ಸಂಪುಟ ಬಹುಮತದಿಂದ ತೀರ್ಮಾನ ಮಾಡುವ ಮಂಡಳಿಯಾಗಿತ್ತು. 1961ರ ಸೇನಾ ದಂಗೆಯ ನಂತರ, 1962ರಲ್ಲಿ ತಿದ್ದಿದ ಸಂವಿಧಾನದಲ್ಲಿ ಅದು ಬರೀ ಚರ್ಚಿಸುವ ಮಂಡಳಿಯಾಯಿತು. ಅಧ್ಯಕ್ಷರ ಕೈ ಅಲ್ಲಿಂದ ಮೇಲಾಯಿತು. ಹೀಗೆ ಒಂದು ಕ್ರಿಯಾಪದ ಬದಲಿಸಿ ಮಂಡಳಿಯ ಬಲ ಇಳಿಸುವ ಕೆಲಸ ಕೊರಿಯಾದಲ್ಲಿ ಅದೇ ಮೊದಲಲ್ಲ.

ಏಳು ಮಂದಿ ಹಿರಿಯರು

ಜೊಸನ್ ರಾಜ್ಯ ಶುರುವಾದದ್ದು 1392ರಲ್ಲಿ. ಅದಕ್ಕೂ ಹಿಂದಿನ ಗೊರ್ಯೊ ರಾಜವಂಶದ ಕೊನೆಗಾಲದಲ್ಲಿ ದೊಡ್ಡ ಮನೆತನಗಳ ಮುಖ್ಯಸ್ಥರೆಲ್ಲ ಸೇರುವ ಒಂದು ಮಹಾಮಂಡಳಿ ಇತ್ತು. ಎಷ್ಟೋ ಮಂದಿಗೆ ಸ್ವಂತ ಸೈನ್ಯವೂ ಇತ್ತು. 1400ರಲ್ಲಿ ಖಾಸಗಿ ಸೈನ್ಯಗಳನ್ನು ರದ್ದು ಮಾಡಿದರು. ಅದೇ ವರ್ಷ ಆ ಮಹಾಮಂಡಳಿಯನ್ನು ಕುಗ್ಗಿಸಿ ಉಯಿಜೊಂಗ್‌ಬು ಮಾಡಿದರು. ಎರಡರ ಹಿಂದೆಯೂ ಇದ್ದವನು ರಾಜಕುಮಾರ ಯಿ ಬಾಂಗ್‌ವೊನ್, ಮುಂದೆ ಥೇಜೊಂಗ್ ಎಂಬ ಹೆಸರಿನಲ್ಲಿ ರಾಜನಾದವನು. ಅಂದರೆ ಈ ಮಂಡಳಿ ಹುಟ್ಟಿದ್ದು ರಾಜನ ಕೈ ಕಟ್ಟಲು ಅಲ್ಲ, ಮನೆತನಗಳ ಕೈ ಕಟ್ಟಲು. ಅದನ್ನು ಕೊರಿಯಾದ ಹಳೆಯ ಸಂಸತ್ತು ಅಂತ ಕರೆಯುವವರು ಈ ಹುಟ್ಟನ್ನು ಮರೆಯುತ್ತಾರೆ.

1485ರ ಕಾನೂನು ಸಂಹಿತೆಯಲ್ಲಿ ಮಂಡಳಿಯ ರೂಪ ಗಟ್ಟಿಯಾಯಿತು. ಮೇಲೆ ಮೂವರು ಮಹಾಮಂತ್ರಿಗಳು: ಮುಖ್ಯ, ಎಡ, ಬಲ. ಮೂವರದ್ದೂ ಅತ್ಯುನ್ನತ ದರ್ಜೆ. ಅವರ ಕೆಳಗೆ ಇನ್ನೂ ನಾಲ್ವರು ಹಿರಿಯ ಸಚಿವರು. ಒಟ್ಟು ಏಳು ಮಂದಿ. ಎಲ್ಲ ಅಧಿಕಾರಿಗಳ ಮೇಲ್ವಿಚಾರಣೆ, ಆಡಳಿತವನ್ನು ಸಮವಾಗಿ ನಡೆಸುವುದು, ಯಿನ್ ಯಾಂಗ್ ಎಂಬ ಎದುರು ಬದುರು ಶಕ್ತಿಗಳನ್ನು ಹೊಂದಿಸುವುದು, ರಾಜ್ಯ ನೋಡಿಕೊಳ್ಳುವುದು ಅವರ ಕೆಲಸ ಎಂದು ಬರೆದಿತ್ತು. ಕೇಳಲು ತುಂಬಾ ದೊಡ್ಡದು, ಅಲ್ವಾ? ಆದರೆ ಇದರಲ್ಲಿ ಯಾವ ಕಾಗದಕ್ಕೆ ಯಾರು ಸಹಿ ಹಾಕಬೇಕು ಎಂಬುದು ಎಲ್ಲೂ ಇಲ್ಲ. ನಿಜವಾದ ಜಗಳ ಇದ್ದದ್ದು ಅಲ್ಲೇ.

ದಿನದ ಆಡಳಿತ ನಡೆಸುತ್ತಿದ್ದದ್ದು ಆರು ಇಲಾಖೆಗಳು: ಸಿಬ್ಬಂದಿ, ತೆರಿಗೆ, ವಿಧಿಗಳು, ಸೇನೆ, ದಂಡನೆ, ಕಾಮಗಾರಿ. ಈ ಇಲಾಖೆಗಳ ಕಡತ ರಾಜನಿಗೆ ಹೋಗಲು ಎರಡು ದಾರಿ ಇತ್ತು. ಒಂದು, ಮೊದಲು ಉಯಿಜೊಂಗ್‌ಬುಗೆ ಹೋಗಿ, ಅಲ್ಲಿ ಮಹಾಮಂತ್ರಿಗಳು ನೋಡಿ, ಒಪ್ಪಿದ ಮೇಲೆ ರಾಜನಿಗೆ. ಇನ್ನೊಂದು, ಇಲಾಖೆಯಿಂದ ನೇರವಾಗಿ ರಾಜನಿಗೆ. ಕೆರೆಯ ತೂಬು ಯಾರ ಕೈಯಲ್ಲಿದೆಯೋ ಗದ್ದೆಗೆ ನೀರು ಅವರ ಮಾತಿನಂತೆ. ಮೊದಲ ದಾರಿಯಲ್ಲಿ ತೂಬು ಮಂಡಳಿಯ ಕೈಯಲ್ಲಿ, ಎರಡನೆಯದರಲ್ಲಿ ರಾಜನ ಕೈಯಲ್ಲಿ.

ದಾರಿ ಬದಲಿಸಿದ ರಾಜರು

ಮಂತ್ರಿಗಳೇ ಆಡಳಿತ ನಡೆಸಬೇಕು ಎಂಬ ವಾದವನ್ನು ಮೊದಲು ಗಟ್ಟಿಯಾಗಿ ಹೇಳಿದವನು ಜೊಂಗ್ ದೊಜೊನ್. ಜೊಸನ್ ರಾಜ್ಯದ ಚೌಕಟ್ಟು ಹಾಕಿದವನು ಅವನೇ. ರಾಜ ಹುಟ್ಟಿನಿಂದ ಬರುತ್ತಾನೆ, ಜಾಣನೂ ಆಗಿರಬಹುದು, ದಡ್ಡನೂ ಆಗಿರಬಹುದು. ಮಹಾಮಂತ್ರಿಯನ್ನಾದರೆ ಯೋಗ್ಯತೆ ನೋಡಿ ಆರಿಸಬಹುದು. ಆದ್ದರಿಂದ ರಾಜನ ಮುಖ್ಯ ಕೆಲಸ ಒಳ್ಳೆಯ ಮಹಾಮಂತ್ರಿಯನ್ನು ಆರಿಸುವುದು ಎಂಬುದು ಅವನ ನಿಲುವು. 1398ರಲ್ಲಿ ಯಿ ಬಾಂಗ್‌ವೊನ್ ಅವನನ್ನು ಕೊಂದ.

ರಾಜನಾದ ಮೇಲೆ ಥೇಜೊಂಗ್ ಆತುರ ಪಡಲಿಲ್ಲ. 1405ರಲ್ಲಿ ಆರು ಇಲಾಖೆಗಳ ಮುಖ್ಯಸ್ಥರ ದರ್ಜೆಯನ್ನು ಏರಿಸಿದ. ಒಂಬತ್ತು ವರ್ಷದ ನಂತರ, 1414ರಲ್ಲಿ, ಇಲಾಖೆಗಳು ನೇರವಾಗಿ ತನಗೇ ವರದಿ ಮಾಡಬೇಕು ಎಂದ. ಉಯಿಜೊಂಗ್‌ಬುವಿಗೆ ಉಳಿದದ್ದು ಚೀನಾದ ಮಿಂಗ್ ಆಸ್ಥಾನಕ್ಕೆ ಕಳಿಸುವ ಪತ್ರಗಳು ಮತ್ತು ದೊಡ್ಡ ಅಪರಾಧಿಗಳ ಮರುವಿಚಾರಣೆ ಮಾತ್ರ. ಮಂಡಳಿಯನ್ನು ರದ್ದು ಮಾಡಲಿಲ್ಲ. ಮಹಾಮಂತ್ರಿಗಳ ಗೌರವಕ್ಕೂ ಕೈ ಹಾಕಲಿಲ್ಲ. ಕಡತದ ದಾರಿ ಬದಲಿಸಿದ, ಅಷ್ಟೇ.

ಅವನ ಮಗ ಸೇಜೊಂಗ್ 1436ರಲ್ಲಿ ಅದನ್ನು ತಿರುಗಿಸಿದ. ಆರೋಗ್ಯ ಕೆಟ್ಟಿತ್ತು, ಪ್ರತಿಯೊಂದು ಕಡತವನ್ನೂ ತಾನೇ ನೋಡುವುದು ಆಗದ ಮಾತಾಗಿತ್ತು. ಮುಖ್ಯ ಮಹಾಮಂತ್ರಿ ಹ್ವಾಂಗ್ ಹುಯಿ ಮೇಲೆ ನಂಬಿಕೆಯಿತ್ತು. ಆ ಹಿರಿಯ ಹದಿನೆಂಟು ವರ್ಷ ಆ ಹುದ್ದೆಯಲ್ಲಿದ್ದ. ಆದರೆ ಸೇಜೊಂಗ್ ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಅಧಿಕಾರಿಗಳ ನೇಮಕ, ಸೇನೆಯ ಬಳಕೆ, ಮರಣದಂಡನೆಯಲ್ಲದ ಶಿಕ್ಷೆಗಳು, ಇವು ಮೊದಲಿನ ಹಾಗೆ ಇಲಾಖೆಯಿಂದ ನೇರವಾಗಿ ರಾಜನಿಗೇ ಬರುತ್ತಿದ್ದವು. ಯಾವುದನ್ನು ಹಂಚಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಬರಹದಲ್ಲಿತ್ತು. ಕೊರಿಯನ್ ಲಿಪಿ ರೂಪುಗೊಂಡದ್ದು ದಿನದ ಕಡತಗಳ ಹೊರೆ ಇಳಿದ ಈ ವರ್ಷಗಳಲ್ಲೇ, 1443ರಲ್ಲಿ.

ಈ ಏರ್ಪಾಟು ನಡೆದದ್ದು ಇಬ್ಬರು ಒಳ್ಳೆಯವರು ಇದ್ದುದರಿಂದ ಮಾತ್ರವಾ? ಸ್ವಲ್ಪ ಹೌದು. ಆದರೆ ರಾಜ ಮತ್ತು ಮಂಡಳಿ ಎರಡನ್ನೂ ಪ್ರಶ್ನಿಸುವ ಇನ್ನೊಂದು ಗುಂಪು ಜೊಸನ್‌ನಲ್ಲಿತ್ತು: ತಪ್ಪು ಎತ್ತಿ ಹೇಳುವುದೇ ಕೆಲಸವಾಗಿದ್ದ ಕಚೇರಿಗಳು ಮತ್ತು ಸಭೆಯಲ್ಲಿ ಕೂತು ಬರೆದುಕೊಳ್ಳುವ ಇತಿಹಾಸಕಾರರು. 1431ರಲ್ಲಿ ಸೇಜೊಂಗ್ ತನ್ನ ತಂದೆಯ ಕಾಲದ ದಾಖಲೆಯನ್ನು ನೋಡಬೇಕೆಂದಾಗ ಬಲ ಮಹಾಮಂತ್ರಿ ಮೇಂಗ್ ಸಾಸೊಂಗ್ ಬೇಡ ಎಂದ. ರಾಜನೇ ನೋಡುತ್ತಾನೆ ಎಂದು ಗೊತ್ತಾದರೆ ಮುಂದೆ ಯಾವ ಇತಿಹಾಸಕಾರನೂ ಇದ್ದದ್ದನ್ನು ಇದ್ದ ಹಾಗೆ ಬರೆಯಲಾರ ಎಂಬುದು ಕಾರಣ. ಸೇಜೊಂಗ್ ಸುಮ್ಮನಾದ.

ಹಳದಿ ಗುರುತು

ಮಂಡಳಿಗೆ ಬಲ ಬಂದರೆ ಸಾಕು ಎನ್ನುವವರು 1452ರ ಕತೆ ಓದಬೇಕು. ಆ ವರ್ಷ ಪಟ್ಟಕ್ಕೆ ಬಂದ ದಾನ್‌ಜೊಂಗ್ ಇನ್ನೂ ಚಿಕ್ಕ ಹುಡುಗ. ಆಡಳಿತ ಮಹಾಮಂತ್ರಿಗಳಾದ ಹ್ವಾಂಗ್‌ಬೊ ಇನ್ ಮತ್ತು ಕಿಮ್ ಜೊಂಗ್‌ಸೊ ಕೈಗೆ ಬಂತು. ಒಂದು ಹುದ್ದೆಗೆ ಮೂವರ ಹೆಸರು ಹೋಗಬೇಕು, ರಾಜ ಒಬ್ಬರನ್ನು ಆರಿಸಬೇಕು ಎಂಬುದು ಪದ್ಧತಿ. ಮಂತ್ರಿಗಳು ತಮಗೆ ಬೇಕಾದ ಹೆಸರಿನ ಮೇಲೆ ಹಳದಿ ಗುರುತು ಹಾಕಿ ಕಳಿಸುತ್ತಿದ್ದರು, ಹುಡುಗ ರಾಜ ಅದಕ್ಕೇ ಚುಕ್ಕೆ ಇಡುತ್ತಿದ್ದ. ಸೇಜೊಂಗ್ ತನ್ನ ಬಳಿಯೇ ಇಟ್ಟುಕೊಂಡಿದ್ದ ನೇಮಕದ ಅಧಿಕಾರ ಹೀಗೆ ಮಂಡಳಿಗೆ ಜಾರಿತು.

ರಾಜನ ಚಿಕ್ಕಪ್ಪ ಸುಯಾಂಗ್‌ಗೆ ನೆಪ ಬೇಕಿತ್ತು, ಸಿಕ್ಕಿತು. 1453ರಲ್ಲಿ ಅವನು ಇಬ್ಬರು ಮಹಾಮಂತ್ರಿಗಳನ್ನೂ ಕೊಲ್ಲಿಸಿ ತಾನೇ ಮುಖ್ಯ ಮಹಾಮಂತ್ರಿಯಾದ. 1455ರಲ್ಲಿ ಅಣ್ಣನ ಮಗನನ್ನು ಇಳಿಸಿ ಸೇಜೊ ಎಂಬ ಹೆಸರಿನಲ್ಲಿ ರಾಜನಾದ. ಅದೇ ವರ್ಷ ಕಡತಗಳ ದಾರಿ ಮತ್ತೆ ಬದಲಾಯಿತು: ಇಲಾಖೆಯಿಂದ ನೇರ ರಾಜನಿಗೆ. ಉಯಿಜೊಂಗ್‌ಬು ಹುದ್ದೆಯನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದವನು ಮೇಲೆ ಹೋದ ತಕ್ಷಣ ಆ ಮೆಟ್ಟಿಲು ತೆಗೆಸಿದ. ಇದನ್ನು ವಿರೋಧಿಸಿದ ಅಧಿಕಾರಿ ಹಾ ವಿಜಿ ರಾಜನ ಸಿಟ್ಟಿಗೆ ಗುರಿಯಾದ. ಮರುವರ್ಷ ದಾನ್‌ಜೊಂಗ್‌ನನ್ನು ಮತ್ತೆ ಪಟ್ಟಕ್ಕೆ ತರುವ ಪ್ರಯತ್ನದಲ್ಲಿ ಸೇರಿ ಪ್ರಾಣ ಕಳೆದುಕೊಂಡ. ನಿಷ್ಠೆಗಾಗಿ ಸತ್ತ ಆರು ಮಂತ್ರಿಗಳಲ್ಲಿ ಒಬ್ಬನೆಂದು ಕೊರಿಯಾದವರು ಅವನನ್ನು ಇಂದಿಗೂ ನೆನೆಯುತ್ತಾರೆ.

ಇದರಿಂದ ತಿಳಿಯುವ ಕಾರಣ ಮತ್ತು ಪರಿಣಾಮ ಹೀಗಿದೆ. ಮಂಡಳಿ ತನಗೆ ಬರೆದುಕೊಟ್ಟಿದ್ದಕ್ಕಿಂತ ಜಾಸ್ತಿ ಅಧಿಕಾರ ಹಿಡಿಯಿತು. ಅದು ಎದುರಾಳಿಗೆ ನೆಪವಾಯಿತು. ಅವನು ಗೆದ್ದ ಮೇಲೆ ಹೆಚ್ಚುವರಿ ಅಧಿಕಾರದ ಜೊತೆಗೆ ನ್ಯಾಯವಾಗಿ ಇದ್ದದ್ದೂ ಹೋಯಿತು. ಕಡತ ಮತ್ತೆ ಮಂಡಳಿಯ ದಾರಿ ಹಿಡಿದದ್ದು 1516ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ.

ಕುರ್ಚಿ ಉಳಿಯಿತು, ಕೆಲಸ ಹೋಯಿತು

ಆಮೇಲಿನ ಪೆಟ್ಟು ಬಿದ್ದದ್ದು ರಾಜನಿಂದಲ್ಲ, ತುರ್ತು ಪರಿಸ್ಥಿತಿಯಿಂದ. ಗಡಿ ಮತ್ತು ಕರಾವಳಿಯ ದಾಳಿಗಳನ್ನು ನೋಡಿಕೊಳ್ಳಲು 16ನೇ ಶತಮಾನದಲ್ಲಿ ಬಿಬ್ಯೊನ್ಸಾ ಎಂಬ ತಾತ್ಕಾಲಿಕ ರಕ್ಷಣಾ ಮಂಡಳಿ ಮಾಡಿದರು. 1550ರ ದಶಕದಲ್ಲಿ ಅದು ಕಾಯಂ ಆಯಿತು. 1592ರಲ್ಲಿ ಜಪಾನಿನ ದೊಡ್ಡ ದಾಳಿ ಶುರುವಾದಾಗ ಸೈನ್ಯ, ಧಾನ್ಯ, ರಾಯಭಾರ ಎಲ್ಲವೂ ಅಲ್ಲಿಗೇ ಹೋದವು. ಯುದ್ಧ ಮುಗಿಯಿತು, ಅಧಿಕಾರ ವಾಪಸ್ ಬರಲಿಲ್ಲ. ಹಾಲಿ ಮತ್ತು ಮಾಜಿ ಮಹಾಮಂತ್ರಿಗಳು, ಇಲಾಖೆಗಳ ಮುಖ್ಯಸ್ಥರು, ಸೇನಾಪತಿಗಳು ಎಲ್ಲರೂ ಅಲ್ಲೇ ಸೇರುತ್ತಿದ್ದರು. ಉಯಿಜೊಂಗ್‌ಬುವಿನ ಮಹಾಮಂತ್ರಿಗೆ ಮರ್ಯಾದೆ ಹಾಗೇ ಇತ್ತು, ತೀರ್ಮಾನ ಮಾತ್ರ ಬೇರೆ ಕಟ್ಟಡದಲ್ಲಿ ಆಗುತ್ತಿತ್ತು.

19ನೇ ಶತಮಾನದಲ್ಲಿ ರಾಣಿಯರ ತವರಿನ ಮನೆತನಗಳು, ಮುಖ್ಯವಾಗಿ ಆಂದೊಂಗ್ ಕಿಮ್ ಮನೆತನ, ಈ ಬಿಬ್ಯೊನ್ಸಾದ ಮೂಲಕವೇ ಆಡಳಿತ ಹಿಡಿದವು. ನಾಲ್ಕು ಶತಮಾನದ ಹಿಂದೆ ಯಾವ ಮನೆತನಗಳನ್ನು ಹೊರಗಿಡಲು ಉಯಿಜೊಂಗ್‌ಬು ಮಾಡಿದ್ದರೋ ಅಂಥವೇ ಹಿಂಬಾಗಿಲಿನಿಂದ ಬಂದವು. ಕೊನೆಗೆ ರಾಜ ಗೊಜೊಂಗ್‌ನ ತಂದೆ ಹುಂಗ್ಸೊನ್ ದೇವೊಂಗುನ್ 1865ರಲ್ಲಿ ಬಿಬ್ಯೊನ್ಸಾವನ್ನು ಉಯಿಜೊಂಗ್‌ಬುವಿನೊಳಗೆ ಸೇರಿಸಿದ, ಅರಮನೆಯ ಮುಂದಿದ್ದ ಅದರ ಕಚೇರಿಯನ್ನೂ ಹೊಸದಾಗಿ ಕಟ್ಟಿಸಿದ. 1910ರ ನಂತರ ಜಪಾನಿ ಆಡಳಿತ ಆ ಜಾಗದಲ್ಲಿ ಪ್ರಾಂತೀಯ ಕಚೇರಿ ನಡೆಸಿತು. ಸೋಲ್ ನಗರಾಡಳಿತ 2016ರಿಂದ ಅಲ್ಲಿ ಅಗೆದು ಅಡಿಪಾಯಗಳನ್ನು ಹುಡುಕಿತು. 2020ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಅರಮನೆಯ ಗ್ವಾಂಗ್ಹ್ವಾಮುನ್ ಬಾಗಿಲ ಎದುರಿಗೆ, ಬಲಕ್ಕೂ ಎಡಕ್ಕೂ ಇಂದಿನ ಸರ್ಕಾರಿ ಕಟ್ಟಡಗಳಿರುವ ಬೀದಿಯಲ್ಲೇ ಅದು ಇದೆ.

ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕೇಳಿದ ರಾತ್ರಿ

ಐದು ನಿಮಿಷದ ಸಭೆಯ ಸುದ್ದಿ ಕೊರಿಯಾದವರಿಗೆ ಯಾಕೆ ಅಷ್ಟು ನೋವು ಕೊಟ್ಟಿತು ಎಂದು ತಿಳಿಯಲು 1905ರ ನವೆಂಬರ್ 17ಕ್ಕೆ ಹೋಗಬೇಕು. ಅಂದು ಜಪಾನಿನ ವಿಶೇಷ ರಾಯಭಾರಿ ಇತೊ ಹಿರೊಬುಮಿ ಸೈನಿಕರ ಕಾವಲಿನಲ್ಲಿ ಅರಮನೆಗೆ ಬಂದ. ಕೊರಿಯಾದ ವಿದೇಶಾಂಗ ಅಧಿಕಾರವನ್ನು ಜಪಾನಿಗೆ ಕೊಡುವ ಒಪ್ಪಂದ ಅವನ ಕೈಯಲ್ಲಿತ್ತು. ಎಂಟು ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕೇಳುತ್ತಾ ಹೋದ. ಆಗ ಉಯಿಜೊಂಗ್‌ಬುವನ್ನು ಮುನ್ನಡೆಸುತ್ತಿದ್ದ ಹಾನ್ ಗ್ಯುಸೊಲ್ ಕೊನೆಯವರೆಗೂ ಒಪ್ಪಲಿಲ್ಲ. ಐವರು ಮಂತ್ರಿಗಳು ಒಪ್ಪಿದರೆಂದು ಲೆಕ್ಕ ಹಾಕಿ, ಬಹುಮತ ಬಂತು ಎಂದು ಒಪ್ಪಂದ ಮುಗಿಸಿದರು. ಆ ಐವರಿಗೆ ಕೊರಿಯಾದಲ್ಲಿ ಇಂದಿಗೂ ದೇಶದ್ರೋಹಿಗಳು ಎಂದೇ ಹೆಸರು. 1907ರಲ್ಲಿ ಉಯಿಜೊಂಗ್‌ಬುವನ್ನು ರದ್ದು ಮಾಡಿ ಸಂಪುಟ ರಚಿಸಿದರು. ಅದರ ಪ್ರಧಾನಿಯಾದದ್ದು ಆ ಐವರಲ್ಲಿ ಒಬ್ಬನಾದ ಯಿ ವಾನ್ಯೊಂಗ್. ಮೂರು ವರ್ಷದಲ್ಲಿ ದೇಶವೇ ಹೋಯಿತು.

ಆ ಒಪ್ಪಂದ ಮೊದಲಿನಿಂದಲೇ ಅಸಿಂಧು, ರಾಜನ ಅನುಮೋದನೆ ಇರಲಿಲ್ಲ, ಮಂತ್ರಿಗಳ ಒಪ್ಪಿಗೆ ಬಲವಂತದ್ದು ಎಂಬುದು ಕೊರಿಯಾದ ವಾದ. ಆ ಕಾಲಕ್ಕೆ ಅದು ಸಿಂಧುವಾಗಿತ್ತು ಎಂಬುದು ಜಪಾನಿನ ವಾದ. 1965ರ ಒಪ್ಪಂದದಲ್ಲಿ ‘ಈಗಾಗಲೇ ಅಸಿಂಧು’ ಎಂಬ ಪದ ಹಾಕಿ ಎರಡೂ ಕಡೆಯವರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಸಭೆಯಲ್ಲಿ ಯಾರು ಏನು ಹೇಳಿದರು, ಯಾರ ಸಹಿ ಇತ್ತು ಎಂಬುದು ಹೀಗೆ ನೂರು ವರ್ಷ ಮೀರಿದ ಜಗಳವಾಗಿ ಉಳಿದಿರುವ ದೇಶ ಅದು. ಅಲ್ಲಿ ಸಂಪುಟದ ನಡಾವಳಿ ಕಚೇರಿಯ ಔಪಚಾರಿಕತೆ ಅನ್ನಿಸುವುದಿಲ್ಲ.

ಈಗಿನ ಎರಡು ವಾದಗಳು

2025ರ ಅಧ್ಯಕ್ಷ ಚುನಾವಣೆಗೆ ಮುಂಚೆ, ಮೇ ತಿಂಗಳಲ್ಲಿ, ಅಭ್ಯರ್ಥಿ ಲೀ ಜೇ ಮ್ಯುಂಗ್ ಸಂವಿಧಾನ ತಿದ್ದುಪಡಿಯ ಭರವಸೆ ಕೊಟ್ಟರು. ಅಧ್ಯಕ್ಷರಿಗೆ ಈಗ ಐದು ವರ್ಷದ ಒಂದೇ ಅವಧಿ. ಅದನ್ನು ನಾಲ್ಕು ವರ್ಷಕ್ಕೆ ಇಳಿಸಿ ಎರಡು ಅವಧಿಗೆ ಅವಕಾಶ ಕೊಡಬೇಕು, ಪ್ರಧಾನಿಯ ಹೆಸರನ್ನು ಸಂಸತ್ತು ಸೂಚಿಸಬೇಕು ಎಂದರು. ಜೂನ್ 3ರಂದು ಗೆದ್ದು ಅಧ್ಯಕ್ಷರಾದರು. ಈಗಿನ 86ನೇ ವಿಧಿಯಲ್ಲಿ ಅಧ್ಯಕ್ಷರು ಹೆಸರು ಆರಿಸುತ್ತಾರೆ, ಸಂಸತ್ತು ಒಪ್ಪಿಗೆ ಕೊಡುತ್ತದೆ.

ಬದಲಾವಣೆ ಬೇಕು ಎನ್ನುವವರ ವಾದ ಸರಳ. ಅಧ್ಯಕ್ಷರೇ ತಂದ, ಅಧ್ಯಕ್ಷರೇ ಕಳಿಸಬಹುದಾದ ಪ್ರಧಾನಿ ಆ ರಾತ್ರಿ ಎದ್ದು ನಿಂತು ಬೇಡ ಎನ್ನುವುದು ಕಷ್ಟ. ಅಂದು ಪ್ರಧಾನಿಯಾಗಿದ್ದ ಹಾನ್ ಡಕ್-ಸೂ ಅವರ ಮೇಲೆಯೇ ಆ ಸೇನಾಡಳಿತದ ವಿಷಯದಲ್ಲಿ 2025ರ ಆಗಸ್ಟ್‌ನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಪ್ರಧಾನಿಗೆ ಸಂಸತ್ತಿನ ಬೆಂಬಲ ಇದ್ದರೆ ಅವರ ಬೇಡಕ್ಕೆ ತೂಕ ಬರುತ್ತದೆ.

ಬೇಡ ಎನ್ನುವವರ ವಾದಕ್ಕೂ ಬುಡ ಇದೆ. ಜನ ಮತ ಹಾಕಿದ್ದು ಅಧ್ಯಕ್ಷರಿಗೆ. ಎರಡು ಅಧಿಕಾರ ಕೇಂದ್ರ ಆದರೆ ತಪ್ಪಾದಾಗ ಯಾರನ್ನು ಕೇಳಬೇಕು? ಸಂಸತ್ತಿನಲ್ಲಿ ವಿರೋಧ ಪಕ್ಷದ ಬಹುಮತ ಇದ್ದರೆ ಅಧ್ಯಕ್ಷ ಒಂದು ಕಡೆ, ಪ್ರಧಾನಿ ಇನ್ನೊಂದು ಕಡೆ ಎಳೆಯುತ್ತಾರೆ. ಪ್ರಧಾನಿಯೇ ಮುಖ್ಯವಾಗಿದ್ದ 1960ರ ಸಂಸದೀಯ ಸರ್ಕಾರ ಒಂದು ವರ್ಷವೂ ತುಂಬದೆ 1961ರ ಮೇ 16ರ ಸೇನಾ ದಂಗೆಗೆ ಬಿದ್ದುಹೋದದ್ದನ್ನೂ ಅವರು ನೆನಪಿಸುತ್ತಾರೆ.

ಜೊಸನ್ ಇತಿಹಾಸವನ್ನು ಇಬ್ಬರೂ ಎಳೆದು ತರಬಹುದು. ಒಬ್ಬರು ಸೇಜೊಂಗ್‌ನ 1436 ತೋರಿಸುತ್ತಾರೆ, ಇನ್ನೊಬ್ಬರು ಹಳದಿ ಗುರುತು ತೋರಿಸುತ್ತಾರೆ. ಆದರೆ ಆ ಐನೂರು ವರ್ಷದಲ್ಲಿ ಮಹಾಮಂತ್ರಿಯನ್ನು ಯಾರು ನೇಮಿಸಬೇಕು ಎಂಬ ಪ್ರಶ್ನೆ ನಿರ್ಣಾಯಕ ಆಗಲೇ ಇಲ್ಲ. ಯಾವಾಗಲೂ ರಾಜನೇ ನೇಮಿಸುತ್ತಿದ್ದ. ಹ್ವಾಂಗ್ ಹುಯಿಗೆ ಬಲ ಬಂದದ್ದು, ಬಿಬ್ಯೊನ್ಸಾ ಕಾಲದ ಮಹಾಮಂತ್ರಿಯ ಹುದ್ದೆ ಬರಿದಾದದ್ದು, ಎರಡೂ ಕಡತದ ದಾರಿಯಿಂದ. ಇಂದಿನ ಚರ್ಚೆಯಲ್ಲಿ ನೇಮಕದ ಬಗ್ಗೆ ತುಂಬಾ ಮಾತಿದೆ, ದಾರಿಯ ಬಗ್ಗೆ ಕಡಿಮೆ. ಇದು ತಲೆಕೆಳಗಾದ ಲೆಕ್ಕ.

ಮುಂದೆ ಏನಾಗಬಹುದು

ದಾರಿಯ ವಿಷಯದಲ್ಲಿ ಒಂದು ಹೆಜ್ಜೆ ಈಗಾಗಲೇ ಇಟ್ಟಾಗಿದೆ. 2025ರ ಜುಲೈನಲ್ಲಿ ಸಂಸತ್ತು ಸೇನಾಡಳಿತ ಕಾಯ್ದೆಯನ್ನು ತಿದ್ದಿತು. ಸ್ಪೀಕರ್ ಒಪ್ಪಿಗೆ ಇಲ್ಲದೆ ಸೈನಿಕರು ಮತ್ತು ಪೊಲೀಸರು ಸಂಸತ್ತಿನ ಆವರಣಕ್ಕೆ ಬರುವ ಹಾಗಿಲ್ಲ. ಸೇನಾಡಳಿತ ಘೋಷಿಸಿದರೆ ಸಂಪುಟ ಸಭೆಯ ನಡಾವಳಿ ಬರೆದು ಸಂಸತ್ತಿಗೆ ಕೊಡಬೇಕು. ಐದು ನಿಮಿಷದ ಸಭೆ ಇನ್ನು ಕಾಗದದ ಮೇಲೂ ಐದು ನಿಮಿಷದ ಸಭೆಯಾಗಿಯೇ ಕಾಣುತ್ತದೆ. ಸಚಿವರಿಗೂ ತಾವು ಬಾಯಿ ಬಿಟ್ಟಿದ್ದೋ ಇಲ್ಲವೋ ದಾಖಲಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಜೊಸನ್ ಇತಿಹಾಸಕಾರರ ಬಲ ಇದ್ದದ್ದೂ ಇಲ್ಲೇ.

ಆದರೆ ಇದು ಒಂದು ವಿಷಯಕ್ಕೆ ಮಾತ್ರ. 82ನೇ ವಿಧಿ ಪ್ರಧಾನಿಯ ಸಹಿ ಬೇಕು ಎನ್ನುತ್ತದೆ, ಸಹಿ ಇಲ್ಲದ ಆದೇಶ ಆ ಕ್ಷಣಕ್ಕೇ ನಿಲ್ಲುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಆ ರಾತ್ರಿ ಸಹಿ ಇಲ್ಲದಿದ್ದರೂ ಸೈನಿಕರು ಹೊರಟೇ ಬಿಟ್ಟರು. ತಪ್ಪು ಎಂಬ ತೀರ್ಪು ಬರಲು ನಾಲ್ಕು ತಿಂಗಳು ಬೇಕಾಯಿತು.

ಸಂಸತ್ತು ಸೂಚಿಸಿದ ಪ್ರಧಾನಿ ಬಂದರೂ ಈ ವಿಧಿಗಳು ಹೀಗೇ ಉಳಿದರೆ ಎರಡರಲ್ಲಿ ಒಂದು ಆಗುತ್ತದೆ. ಅಧ್ಯಕ್ಷರ ಪಕ್ಷಕ್ಕೇ ಬಹುಮತ ಇದ್ದಾಗ ಅಧ್ಯಕ್ಷರ ಆಯ್ಕೆಯೇ ಸಂಸತ್ತಿನ ಸೂಚನೆಯಾಗಿ ಬರುತ್ತದೆ, ಏನೂ ಬದಲಾಗುವುದಿಲ್ಲ. ವಿರೋಧ ಪಕ್ಷಕ್ಕೆ ಬಹುಮತ ಇದ್ದಾಗ ಅಧ್ಯಕ್ಷರು ಪ್ರಧಾನಿಯನ್ನು ಬಿಟ್ಟು ತಮ್ಮ ಕಚೇರಿಯ ಕಾರ್ಯದರ್ಶಿಗಳ ಮೂಲಕವೇ ಇಲಾಖೆಗಳನ್ನು ನಡೆಸಲು ನೋಡುತ್ತಾರೆ. ಥೇಜೊಂಗ್ 1414ರಲ್ಲಿ ಆದೇಶದಿಂದ ಮಾಡಿದ್ದು ಆಗ ಆದೇಶವೇ ಇಲ್ಲದೆ ನಡೆಯುತ್ತದೆ. ಸೇಜೊಂಗ್ ಮಾಡಿದ ಹಾಗೆ ಯಾವ ವಿಷಯ ಯಾರ ಮೂಲಕ ಹೋಗಬೇಕು ಎಂದು ಬರೆದಿಟ್ಟರೆ ಮಾತ್ರ ಆ ಪ್ರಧಾನಿಗೆ ಕೆಲಸ ಇರುತ್ತದೆ.

ತಿದ್ದುಪಡಿ ಸುಲಭವೂ ಅಲ್ಲ. 300 ಸದಸ್ಯರ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಮೇಲೆ ಜನಮತಗಣನೆ. ಒಂದು ಪಕ್ಷದಿಂದ ಆಗುವ ಕೆಲಸ ಅಲ್ಲ, 1987ರ ನಂತರ ಒಮ್ಮೆಯೂ ಆಗಿಲ್ಲ. ಕರಡು ಬಂದರೆ ಸುದ್ದಿಯೆಲ್ಲ ಅಧ್ಯಕ್ಷರ ಅವಧಿ ಮತ್ತು 86ನೇ ವಿಧಿಯ ಸುತ್ತವೇ ಇರುತ್ತದೆ. ಅದರ ಜೊತೆಗೆ 82 ಮತ್ತು 88ನೇ ವಿಧಿಗಳಲ್ಲಿ ಒಂದು ಕ್ರಿಯಾಪದವಾದರೂ ಬದಲಾಗಿದೆಯಾ ಎಂಬುದನ್ನು ಮೊದಲು ನೋಡಬೇಕು.